ಬಾಜೂಕ ನಡೆದ ಅಕ್ಕ

ಯಾರೇ ಬಾಗಿಲಿಗೆ ಬಂದರೂ ಅಕ್ಕ ಮೊದಲು ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು. ಜಮಖಂಡಿಯ ಒಂದು ಔಷಧಿ ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಅವರು ಫಿಜಿಯೊಥೆರಪಿ ನಡೆಸುತ್ತಿದ್ದರು. ನಾನು ಮೊದಲ ಸಲ ಹೋದಾಗ ಚಪ್ಪಲಿ ಹೊರಗೆ ಬಿಟ್ಟು, ಬಾಗಿಲ ಚೌಕಟ್ಟು ಹಿಡಿದು, ಒಂದು ಕಾಲನ್ನು ಎತ್ತಿ ಹೊಸ್ತಿಲ ಒಳಗಿಟ್ಟೆ. ಇನ್ನೊಂದನ್ನು ಎಳೆದುಕೊಂಡೆ. ಅಷ್ಟರಲ್ಲಿ ನನ್ನ ವಿಷಯ ಅವರಿಗೆ ಮುಕ್ಕಾಲು ಪಾಲು ತಿಳಿದುಹೋಗಿತ್ತು.

"ನೆಲದಿಂದ ಏಳಬೇಕಾದ್ರ ಏನ ಹಿಡೀತೀರಿ?" ಎಂದು ಕೇಳಿದರು. ಹೆಸರು, ಊರು ಇನ್ನೂ ಕೇಳಿರಲಿಲ್ಲ.

"ನನ್ನ ತೊಡಿನ ಹಿಡೀತೇನ್ರಿ."

"ಎಷ್ಟ ವರ್ಷ ಆತು?"

"ನಾಕ ವರ್ಷ ಆಗಿರಬೇಕ್ರಿ."

"ನಾಕ ವರ್ಷ ಏನ ಮಾಡಿದ್ರಿ ಮತ್ತ?"

"ವಿಶ್ರಾಂತಿ ತಗೊಂಡ್ನಿರಿ."

ಅವರು ಮೂಗಿನಲ್ಲೇ ಸಣ್ಣಗೆ ನಕ್ಕರು. ಅವಮಾನ ಮಾಡುವ ನಗುವಲ್ಲ ಅದು. ದಾರಿ ತಪ್ಪಿ ಬಂದ ನೆಂಟನನ್ನು ಕಂಡಾಗ ನಗುತ್ತಾರಲ್ಲ, ಹಾಗಿತ್ತು.

ನಾನಾಗ ತೇರದಾಳದ ಒಂದು ಪ್ರಾಥಮಿಕ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಮನೆ ಬನಹಟ್ಟಿಯ ನೇಕಾರರ ಓಣಿಯಲ್ಲಿ. ಅಪ್ಪ ಕೈಮಗ್ಗದ ಮೇಲೆಯೇ ಆಯುಷ್ಯ ಕಳೆದು ತೀರಿಕೊಂಡಿದ್ದ. ಅವ್ವ ಮಂದಿಯ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದಳು. ನೌಕರಿ ಸಿಕ್ಕ ಎರಡನೆಯ ವರ್ಷದಿಂದ ನಾನು ಬೀಳತೊಡಗಿದೆ. ಕಲ್ಲು ಎಡವದೆ, ಕಾಲು ಜಾರದೆ, ನಡೆಯುತ್ತಾ ನಡೆಯುತ್ತಾ ಮೊಣಕಾಲು ಮಡಚಿಬಿಡುತ್ತಿತ್ತು. ಆಮೇಲೆ ಬಸ್ಸಿನ ಮೆಟ್ಟಿಲು ಎತ್ತರವಾಯಿತು, ಕುರ್ಚಿ ತಗ್ಗಾಯಿತು. ದೊಡ್ಡ ಊರಿನ ಒಬ್ಬ ವೈದ್ಯರು ತಪಾಸಣೆ ಮಾಡಿ, ಇದಕ್ಕೆ ಮಸ್ಕ್ಯುಲರ್ ಡಿಸ್ಟ್ರೋಫಿ ಎನ್ನುತ್ತಾರೆ, ಸ್ನಾಯುಗಳು ತಾವಾಗಿಯೇ ಕ್ಷಯಿಸುತ್ತ ಹೋಗುತ್ತವೆ, ಔಷಧವಿಲ್ಲ, ದಣಿಯಬೇಡಿ ಎಂದರು. ಆ ಕೊನೆಯ ಮಾತನ್ನು ನಾನೂ ಅವ್ವನೂ ಗಟ್ಟಿಯಾಗಿ ಹಿಡಿದುಕೊಂಡೆವು. ಶಾಲೆ ಬಿಟ್ಟರೆ ಮಂಚ, ಮಂಚ ಬಿಟ್ಟರೆ ಶಾಲೆ. ಕುಡಿಯುವ ನೀರೂ ಮಂಚಕ್ಕೇ ಬರುತ್ತಿತ್ತು. ನನ್ನ ಕಾಲುಗಳಲ್ಲಿ ರೋಗ ಒಂದಿಷ್ಟನ್ನು ತಿಂದರೆ ಆ ಮಂಚ ಇನ್ನೊಂದಿಷ್ಟನ್ನು ತಿಂದಿತು. ಇದು ನನಗೆ ಗೊತ್ತಾದದ್ದು ಅವರಿಂದ.

ಅವರ ಹೆಸರು ಬರೆಯುವುದಿಲ್ಲ. ಅವರು ತಮ್ಮ ಬಾಗಿಲಿಗೂ ಹೆಸರು ಬರೆಸಿರಲಿಲ್ಲ. ಹಲಗೆಯ ಮೇಲೆ ಫಿಜಿಯೊಥೆರಪಿ ಎಂದು ಒಂದು ಶಬ್ದ, ಒಂದು ಬಾಣದ ಗುರುತು, ಅಷ್ಟೇ. ಬಂದವರೆಲ್ಲ ಅಕ್ಕಾರ ಎನ್ನುತ್ತಿದ್ದರು. ಅವರಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಹಾಗೆಯೇ ಕರೆಯುತ್ತಿದ್ದರು. ನನಗಿಂತ ನಾಲ್ಕೇ ವರ್ಷ ಹಿರಿಯರು. ಅವರಿಗೆ ಮದುವೆಯಾಗಿರಲಿಲ್ಲ, ನನಗೂ ಆಗಿರಲಿಲ್ಲ. ಅಕ್ಕ ಎಂದು ಕರೆಯುವ ರೂಢಿಯಿದ್ದದ್ದು ಒಳ್ಳೆಯದೇ ಆಯಿತು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಅವರದು ಅನಗವಾಡಿ ಕಡೆಯ ಕುರಿಗಾರರ ಮನೆತನ, ಬೀರೇಶ್ವರನ ಒಕ್ಕಲು. ಹತ್ತು ವರ್ಷದವರೆಗೆ ಹಿಂಡಿನ ಜೊತೆ ಊರೂರು ನಡೆದವರು. ಆಮೇಲೆ ಅಣ್ಣ ಹಟ ಹಿಡಿದು ಶಾಲೆಗೆ ಹಾಕಿದರಂತೆ. ಆಲಮಟ್ಟಿಯ ನೀರು ಹಿಂದಕ್ಕೆ ನಿಂತಾಗ ಹೊಳೆದಂಡೆಯ ಮನೆ ಹೋಯಿತು. ಬೀಳಗಿಯ ಹತ್ತಿರ ಸರಕಾರ ಕೊಟ್ಟ ಪುನರ್ವಸತಿ ಜಾಗದಲ್ಲಿ ಅಣ್ಣ ಹೊಸ ಮನೆ ಕಟ್ಟಿದರು. ಜಮಖಂಡಿಯ ಆ ಕೋಣೆಯ ನೆಲದ ಮೇಲೆ ಹಾಸಿದ್ದು ಅಣ್ಣ ಕೊಟ್ಟ ಕರಿ ಕಂಬಳಿ. ಅದರ ಮೇಲೆ ಮಲಗಿಸಿ ನಮ್ಮ ಕಾಲು ಮುಟ್ಟುವ ಮೊದಲು ಅವರು ಬಲಗೈಯ ಬಳೆಗಳನ್ನು ತೆಗೆದು ಕಿಟಕಿಯಲ್ಲಿ ಇಡುತ್ತಿದ್ದರು. ಸಂಜೆ ಮನೆಗೆ ಹೋಗುವಾಗ ಮರೆತು, ಅರ್ಧ ದಾರಿಯಿಂದ ತಿರುಗಿ ಬರುತ್ತಿದ್ದರು.

ಮೊದಲ ದಿನ ಅವರು ನನಗೆ ಏನೂ ಮಾಡಿಸಲಿಲ್ಲ. ಈ ರೋಗ ಕೆಲವರ ಹೃದಯದ ಸ್ನಾಯುವನ್ನೂ ಹಿಡಿಯುತ್ತದೆ, ಎದೆಯ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದು ಕಳಿಸಿದರು. ಮರುವಾರ ಕಾಗದ ಹಿಡಿದು ಹೋದೆ. ಎರಡು ಸಲ ಓದಿ ಮಡಚಿಟ್ಟರು.

"ಮೊದಲ ಒಂದ ಮಾತ ಹೇಳತೇನಿ ಮಾಸ್ತರ, ಸಿಟ್ಟಾಗಬ್ಯಾಡ್ರಿ. ಈ ರೋಗಾ ಹೋಗೂದಿಲ್ಲ. ಹೋದ ಸ್ನಾಯು ತಂದ ಕೊಡಾಕ ನನ್ನ ಕೈಲೆ ಆಗೂದಿಲ್ಲ. ಆದ್ರ ಎದಿ ಐತಿ, ಉಸರ ಐತಿ, ಉಳದ ಸ್ನಾಯು ಐತಿ. ಅವಕ್ಕ ಕೆಲಸಾ ಕೊಡೂಣು. ಹದಾ ತಪ್ಪಬಾರದು, ಅಷ್ಟ."

ಕೋಣೆಯ ಮೂಲೆಯಲ್ಲಿ ಒಂದು ಸೈಕಲ್ಲು ಇತ್ತು. ಊರಿನ ರಿಪೇರಿ ಅಂಗಡಿಯವನ ಹತ್ತಿರ ಅವರೇ ನಿಂತು ಮಾಡಿಸಿದ್ದು. ಮುಂದಿನ ಗಾಲಿ ತೆಗೆದು, ಕೆಳಗೆ ಕಬ್ಬಿಣದ ಕಾಲು ಬೆಸೆದು, ಹಿಂದಿನ ಗಾಲಿ ಗಾಳಿಯಲ್ಲಿ ತಿರುಗುವ ಹಾಗೆ ನಿಲ್ಲಿಸಿದ್ದರು. ಸೀಟಿನ ಜಾಗದಲ್ಲಿ ಬೆನ್ನಿರುವ ಕುರ್ಚಿ. ಗಾಲಿಗೆ ಒಂದು ಚರ್ಮದ ಪಟ್ಟಿ. ಅದನ್ನು ಬಿಗಿ ಮಾಡಿದರೆ ತುಳಿಯುವುದು ಭಾರ, ಸಡಿಲಿಸಿದರೆ ಹಗುರ. ಅವರು ಅದನ್ನು ಪೂರ್ತಿ ಸಡಿಲಿಸಿ, ನನ್ನ ಪಾದಗಳನ್ನು ಪೆಡಲಿಗೆ ಕಟ್ಟಿ, "ತುಳೀರಿ, ಹದಿನೇಳರ ಮಗ್ಗಿ ಹೇಳ್ರಿ" ಎಂದರು.

ನಾಲ್ಕು ವರ್ಷದ ನಂತರ ನನ್ನ ಕಾಲುಗಳು ತಾವಾಗಿ ತಿರುಗಿದವು. ಹದಿನೇಳೊಂದ್ಲೆ ಹದಿನೇಳು, ಹದಿನೇಳೆರಡ್ಲೆ ಮೂವತ್ನಾಕು. ಹದಿನೇಳಾರ್ಲೆ ಎನ್ನುವಷ್ಟರಲ್ಲಿ ಉಸಿರು ತುಂಡಾಯಿತು. ಅವರು ಗಾಲಿಯನ್ನು ಅಂಗೈಯಿಂದ ಹಿಡಿದು ನಿಲ್ಲಿಸಿಬಿಟ್ಟರು.

"ಇವತ್ತಿಂದು ಮುಗೀತು."

"ಇಷ್ಟನ ಏನ್ರಿ? ನಾಕ ಮಿನಿಟೂ ಆಗಿಲ್ಲ."

"ಮಾತಾಡಕೋತ ಎಷ್ಟ ತುಳೀತೀರಿ, ಅಷ್ಟ ನಿಮ್ದು. ಮಾತ ನಿಂತ ಮ್ಯಾಲ ತುಳದದ್ದು ರೋಗದ್ದು."

ವಾರಕ್ಕೆ ಮೂರು ದಿನ, ಬೆಳಗಿನ ಮೊದಲ ಬಸ್ಸಿಗೆ ಬನಹಟ್ಟಿಯಿಂದ ಜಮಖಂಡಿಗೆ ಹೋಗುತ್ತಿದ್ದೆ. ಹೋದ ಕೂಡಲೇ ಮೂರು ಪ್ರಶ್ನೆ. ಹಿಂದಿನ ಸಲ ತುಳಿದ ಮರುದಿನ ಎದ್ದಾಗ ನೋವಿತ್ತೇ? ಉಸಿರು ಕಟ್ಟಿತೇ? ಮೂತ್ರದ ಬಣ್ಣ ಏನು? ನೋವಿತ್ತು ಎಂದರೆ ಅಂದು ಕಡಿಮೆ. ಮೂತ್ರ ಕರಿ ಚಹಾದ ಬಣ್ಣಕ್ಕೆ ತಿರುಗಿದರೆ ತುಳಿಯುವುದು ಬಿಟ್ಟು ಸೀದಾ ದವಾಖಾನೆಗೆ ಹೋಗಬೇಕು, ಸ್ನಾಯು ಒಡೆದು ರಕ್ತಕ್ಕೆ ಸೇರುತ್ತಿದೆ ಎಂದು ಅರ್ಥ. ಇದನ್ನು ಹೆಂಗಸರು ಗಂಡಸರು ಎನ್ನದೆ ಎಲ್ಲರಿಗೂ ಒಂದೇ ದನಿಯಲ್ಲಿ ಕೇಳುತ್ತಿದ್ದರು.

ಮುಧೋಳದಿಂದ ಗಂಗವ್ವ ಎಂಬ ಒಬ್ಬ ಹೊಲಿಗೆಯವಳು ಬರುತ್ತಿದ್ದಳು. ಅವಳಿಗೆ ಭುಜ ಮತ್ತು ಮುಖದ ಸ್ನಾಯು ಸೋತಿದ್ದವು. ತಲೆ ಬಾಚಿಕೊಳ್ಳಲು ಕೈ ಮೇಲೇಳುತ್ತಿರಲಿಲ್ಲ, ದೀಪ ಊದಿದರೆ ಆರುತ್ತಿರಲಿಲ್ಲ. ಅವಳು ಮೊದಲ ದಿನ ಸೈಕಲ್ಲು ನೋಡಿ, "ನಾ ದಿನಾ ಮಷಿನ್ ತುಳಿಯಾಕಿ. ಬಸ್ ಹತ್ತಿ ಬಂದು ಇಲ್ಲೂ ತುಳೀಬೇಕೇನ್ರಿ ಅಕ್ಕಾರ?" ಎಂದು ಕೇಳಿದಳು.

"ಅಲ್ಲಿ ಮಂದಿ ಅಂಗಿ ಸಲುವಾಗಿ ತುಳೀತಿ. ಇಲ್ಲಿ ನಿನ್ನ ಸಲುವಾಗಿ ತುಳಿ," ಎಂದರು ಅಕ್ಕ.

ಗಂಗವ್ವನಿಗೆ ಮಗ್ಗಿ ಬರುತ್ತಿರಲಿಲ್ಲ. ಅವಳು ತುಳಿಯುತ್ತಾ ಮುಧೋಳದಲ್ಲಿ ಯಾರ ಕುಪ್ಪಸದ ಅಳತೆ ಎಷ್ಟು ಹಿಗ್ಗಿತು, ಯಾರ ಮನೆಯಲ್ಲಿ ಯಾರು ಮಾತು ಬಿಟ್ಟರು ಎಂದು ಹೇಳುತ್ತಿದ್ದಳು. ಒಳ್ಳೆಯ ಸುದ್ದಿ ಬಂದಾಗ ಅಕ್ಕ ಬೇಕೆಂದೇ ಪಟ್ಟಿ ಇನ್ನಷ್ಟು ಸಡಿಲಿಸಿ, ಅದು ಮುಗಿಯುವವರೆಗೆ ಉಸಿರು ಉಳಿಯುವಂತೆ ನೋಡಿಕೊಳ್ಳುತ್ತಿದ್ದರು. ಹಾಗೆ ನಗುತ್ತಾ ಅವಳು ಐದು ಮಿನಿಟಿನಿಂದ ಹದಿನೈದಕ್ಕೆ ಬಂದಳು.

ಆ ಕೋಣೆಯಲ್ಲಿ ಪಾಪ ಎನ್ನುವ ಮಾತಿಗೆ ಪ್ರವೇಶ ಇರಲಿಲ್ಲ. ರೋಗಿಯ ಜೊತೆ ಬಂದ ನೆಂಟರು ಯಾರಾದರೂ ಪಾಪ ಎಂದರೆ, "ಅದನ್ನ ಹೊರಗ ಚಪ್ಪಲಿ ಜೋಡಿ ಬಿಟ್ಟ ಬರ್ರಿ" ಎನ್ನುತ್ತಿದ್ದರು. ಹೊರಗೆ ಬೀದಿಯಲ್ಲಿ ನಮ್ಮನ್ನು ನಡೆಸಿಕೊಂಡು ಹೋಗುವಾಗ ಅವರು ಮುಂದೆಯೂ ಹೋಗುತ್ತಿರಲಿಲ್ಲ, ಹಿಂದೆಯೂ ಉಳಿಯುತ್ತಿರಲಿಲ್ಲ. ಒಮ್ಮೆ ಕೇಳಿದ್ದಕ್ಕೆ ಹೇಳಿದರು: "ಕುರಿ ಕಾಯಾಕಿ ಮುಂದ ನಡದ್ರ ಹಿಂಡ ಚದರತೈತಿ. ಹಿಂದ ನಡದ್ರ ಕುಂಟ ಕುರಿ ಅಂಜತೈತಿ. ಬಾಜೂಕ ನಡೀಬೇಕ್ರಿ." ಅವರು ಕಲಿತ ವಿದ್ಯೆ ಇಂಗ್ಲಿಷ್ ಪುಸ್ತಕಗಳದ್ದು. ಅದನ್ನು ನಮಗೆ ಮುಟ್ಟಿಸಿದ್ದು ಮಾತ್ರ ಹಿಂಡಿನ ಭಾಷೆಯಲ್ಲಿ.

ಆರು ತಿಂಗಳಲ್ಲಿ ನಾನು ಇಪ್ಪತ್ತು ಮಿನಿಟಿಗೆ ಬಂದೆ. ಆಗ ಒಂದು ಬೆಳಿಗ್ಗೆ ತೇರದಾಳದ ಬಸ್ ನಿಲ್ದಾಣದಿಂದ ಶಾಲೆಯವರೆಗೆ ಎಲ್ಲಿಯೂ ಕುಳಿತುಕೊಳ್ಳದೆ ನಡೆದುಹೋದೆ. ಮೊದಲು ದಾರಿಯಲ್ಲಿ ಎರಡು ಕಡೆ ಕಟ್ಟೆ ಹುಡುಕಬೇಕಾಗುತ್ತಿತ್ತು. ಅಂದು ಶಾಲೆ ಮುಟ್ಟಿದ ಮೇಲೂ ಹುಡುಗರನ್ನು ಗದರಿಸುವಷ್ಟು ಉಸಿರು ಉಳಿದಿತ್ತು. ಸಂಜೆ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅವರು, "ಚಲೋ ಆತು ಮಾಸ್ತರ. ನಾಳಿ ನೋವ ಎಷ್ಟೈತಿ ಹೇಳ್ರಿ" ಎಂದರು.

ಅಲ್ಲಿಗೇ ನಾನು ಸುಮ್ಮನಿರಬೇಕಾಗಿತ್ತು. ಅದೇ ವರ್ಷ ಏಳನೆಯ ತರಗತಿಯನ್ನು ನನಗೆ ಕೊಡುವ ಮಾತು ಬಂತು. ತರಗತಿ ಇದ್ದದ್ದು ಮಾಳಿಗೆಯ ಮೇಲೆ. ನಿಮಗೆ ಆಗದಿದ್ದರೆ ಬೇರೆಯವರಿಗೆ ಕೊಡೋಣ ಎಂದು ಹೆಡ್ ಮಾಸ್ತರರು ಸಹಜವಾಗಿಯೇ ಹೇಳಿದರು. ನನಗೆ ಅದು ಚುಚ್ಚಿತು. ಮನೆಗೆ ಬಂದು ಮಾಸ್ತರಿಕೆಯ ಲೆಕ್ಕ ಹಾಕಿದೆ: ಇಪ್ಪತ್ತು ಮಿನಿಟು ತುಳಿದರೆ ಇಷ್ಟು ಬಲ ಬಂದಿದೆ, ಎರಡು ತಾಸು ತುಳಿದರೆ ಎಷ್ಟು ಬಂದೀತು? ತ್ರೈರಾಶಿ. ಅಪ್ಪನ ಹಳೆಯ ಸೈಕಲ್ಲನ್ನು ಅದೇ ರೀತಿ ನಿಲ್ಲಿಸಿ, ಹಿಂದಿನ ಗಾಲಿಗೆ ಹಳೆಯ ಟ್ಯೂಬು ಬಿಗಿದು ಕಟ್ಟಿದೆ. ಅವ್ವ ನೀರಿಗೆ, ಮಗ್ಗದ ಮನೆಗಳಿಗೆ ಹೋದ ಹೊತ್ತಿನಲ್ಲಿ, ಶಾಲೆಯಿಂದ ಬಂದ ಮೇಲೆ, ಎಂಟು ದಿನ ತುಳಿದೆ. ಮಗ್ಗಿ ಹೇಳಲಿಲ್ಲ. ಹಲ್ಲು ಕಚ್ಚಿಕೊಂಡು ತುಳಿದೆ.

ಒಂಬತ್ತನೆಯ ಬೆಳಿಗ್ಗೆ ತೊಡೆಗಳು ಕಲ್ಲಾಗಿದ್ದವು. ಮೂತ್ರ ಅಕ್ಕ ಹೇಳಿದ ಬಣ್ಣಕ್ಕೆ ಬಂದಿತ್ತು.

ಜಮಖಂಡಿಯ ಒಂದು ದವಾಖಾನೆಯಲ್ಲಿ ನಾಲ್ಕು ದಿನ ಸಲೈನ್ ಹಚ್ಚಿದರು. ಮೂತ್ರಪಿಂಡ ಉಳಿದದ್ದೇ ಪುಣ್ಯ ಎಂದರು ವೈದ್ಯರು. ಸುದ್ದಿ ತಿಳಿದ ಕೂಡಲೇ ಅಕ್ಕ ಓಡಿಬಂದರು. ಅಂದು ಅವರ ಬಲಗೈಯಲ್ಲಿ ಬಳೆ ಇರಲಿಲ್ಲ. ದವಾಖಾನೆಯ ಪಡಸಾಲೆಯಲ್ಲಿ, ಹತ್ತಾರು ಜನರ ಎದುರು, ಅವ್ವ ಅವರನ್ನು ತಡೆದಳು. ನನ್ನ ಮಂಚಕ್ಕೆ ಎಲ್ಲ ಕೇಳುತ್ತಿತ್ತು.

"ದಣಿಸಬ್ಯಾಡ ಅಂತ ದೊಡ್ಡ ಡಾಕ್ಟರ ಹೇಳಿದ್ರು. ನೀ ತುಳಸಿ ತುಳಸಿ ನನ್ನ ಮಗನ ಕಾಲ ಮಣ್ಣ ಮಾಡಿದಿ. ಕುರಿ ಕಾಯಾಕಿಗೆ ಮನಷಾರ ಕಾಲ ಏನ ತಿಳೀತಾವು?"

ಅಕ್ಕ ಒಳಗೆ ಬಂದು ಮಂಚದ ಅಂಚಿಗೆ ನಿಂತು, ನನ್ನ ಮೀನಖಂಡ ಮುಟ್ಟಿ ನೋಡಿದರು. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದರು.

"ಮಾಸ್ತರ, ನಾ ಹೇಳಿದ್ದಕಿಂತ ಹೆಚ್ಚ ಏನರ ಮಾಡಿದ್ರೇನು?"

ನಾನು, "ಇಲ್ರಿ" ಎಂದೆ.

ಯಾಕೆ ಹಾಗೆ ಹೇಳಿದೆ ಎಂದು ಇಷ್ಟು ವರ್ಷವಾದರೂ ನನಗೆ ಪೂರ್ತಿ ತಿಳಿದಿಲ್ಲ. ಅವ್ವ ಬಾಗಿಲಲ್ಲೇ ನಿಂತಿದ್ದಳು. ಮಾಳಿಗೆಯ ಆಸೆಗೆ ಬಿದ್ದು ಕಳ್ಳತನದಿಂದ ತುಳಿದೆ ಎಂದು ಹೇಳಲು ನಾಚಿಕೆಯಾಯಿತು. ಹುಡುಗರಿಗೆ ಸುಳ್ಳು ಹೇಳಬಾರದೆಂದು ಕಲಿಸುವ ಬಾಯಿ ಅದು. ಅಕ್ಕ ತಲೆಯಾಡಿಸಿ ಹೋದರು. ಬಾಗಿಲು ದಾಟುವಾಗ ಅವರ ಕೈ ಗೋಡೆ ಹಿಡಿದದ್ದನ್ನು ನೋಡಿದೆ.

ಮನೆಗೆ ಬಂದು ಎರಡು ವಾರವಾದ ಮೇಲೆ ಗಂಗವ್ವ ಬಂದಳು. ಅಕ್ಕನ ಕೋಣೆಗೆ ಕೀಲಿ ಬಿದ್ದಿತ್ತು. ಅವರು ಬೀಳಗಿ ಕಡೆಯ ಅಣ್ಣನ ಮನೆಗೆ ಹೋಗಿ ಕುಳಿತಿದ್ದರು.

"ನನ್ನ ಕೈ ಚಲೋ ಅಲ್ಲ, ಬ್ಯಾರೆ ಯಾರನ್ನರ ನೋಡ್ಕೋರಿ ಅಂದ್ರಂತರಿ," ಎಂದಳು ಗಂಗವ್ವ. "ಬ್ಯಾರೆ ಯಾರ ಅದಾರ್ರಿ ನಮಗ? ನನ್ನ ಭುಜಾ ಮತ್ತ ಬಿಗಿಯಾಕತ್ತಾವು."

ಅವಳು ಹೋದ ಮೇಲೆ ಅವ್ವ ರಾಟೆಯ ಮುಂದೆ ಕುಳಿತಳು. ನಾನು ಮಂಚದಿಂದಲೇ ಹೇಳಿದೆ, ಅಪ್ಪನ ಸೈಕಲ್ಲಿನ ಮೇಲೆ ಎಂಟು ದಿನ ಏನು ಮಾಡಿದೆನೆಂದು. ಅವ್ವ ರಾಟೆ ನಿಲ್ಲಿಸಲಿಲ್ಲ. ಕೈಯಲ್ಲಿದ್ದ ಕಂಡಿಕೆ ತುಂಬುವವರೆಗೆ ಸುತ್ತಿ, ನೂಲು ಹರಿದು, "ನಾ ಆಕಿಗೆ ಮಂದ್ಯಾಗ ಅಂದೇನಿ. ನೀ ಸುಮ್ಮನ ಮಕ್ಕೊಂಡ ಕೇಳಿದಿ" ಎಂದಳು. ಮರುದಿನ ಕುಪ್ಪಸದ ಒಂದು ಹೊಸ ಖಣ ತೆಗೆದು ಚೀಲದಲ್ಲಿಟ್ಟುಕೊಂಡು, ಗಾಡಿ ಬಾಡಿಗೆಗೆ ಹೇಳಿ, ನನ್ನನ್ನು ಎಬ್ಬಿಸಿದಳು.

ಪುನರ್ವಸತಿಯ ಓಣಿಗಳು ಪಟ್ಟಿ ಹಿಡಿದು ಎಳೆದ ಹಾಗೆ ನೇರವಾಗಿದ್ದವು, ಗಿಡಗಳು ಇನ್ನೂ ಸಣ್ಣವು. ಅಕ್ಕ ಅಂಗಳದಲ್ಲಿ ಒಂದು ಕುರಿಮರಿಗೆ ಬಾಟಲಿಯಿಂದ ಹಾಲು ಕುಡಿಸುತ್ತಿದ್ದರು. ನಮ್ಮನ್ನು ಕಂಡು ಎದ್ದು, ಚಾಪೆ ಹಾಸಲು ಹೋಗಿ, ನನಗೆ ನೆಲದಿಂದ ಏಳಲಾಗುವುದಿಲ್ಲವೆಂದು ನೆನಪಾಗಿ ಕುರ್ಚಿ ತಂದರು. ನಾನು ಕೂರುವ ಮೊದಲೇ ಹೇಳಿಬಿಟ್ಟೆ.

"ಅಕ್ಕಾರ, ನಾ ಸುಳ್ಳ ಹೇಳಿದ್ನಿರಿ. ದಿನಾ ಎರಡ ತಾಸ ತುಳದೇನಿ, ಎಂಟ ದಿನಾ. ಟ್ಯೂಬ್ ಬಿಗದ ಕಟ್ಟಿದ್ದೆ."

ಅವರು ಬಾಟಲಿ ಕೆಳಗಿಟ್ಟರು. ಮರಿ ಅವರ ಸೀರೆಯ ಅಂಚನ್ನು ಚೀಪತೊಡಗಿತು. ಅಷ್ಟು ವರ್ಷದಲ್ಲಿ ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ದನಿ ಏರಲಿಲ್ಲ.

"ನೀವು ಇಲ್ಲ ಅಂದ್ರಿ. ಅಂದ್ರ ನಾ ಹೇಳಿದ ಇಪ್ಪತ್ತ ಮಿನಿಟನ ನಿಮ್ಮ ಕಾಲ ತಿಂದೂ ಅಂತ ಆತು. ಆ ಮ್ಯಾಲ ಗಂಗವ್ವನ್ನ ಯಾವ ಕೈಲೆ ಮುಟ್ಟಲಿ ನಾ? ಅಷ್ಟ ದಿನಾ ನಿದ್ದಿ ಮಾಡಿಲ್ಲ ಮಾಸ್ತರ."

ಆಮೇಲೆ ಅವರು ನಮ್ಮಿಬ್ಬರಿಗೂ ತಮ್ಮ ತಮ್ಮನ ಕತೆ ಹೇಳಿದರು. ಅಂಗಳದ ಆಚೆ ದೂರದಲ್ಲಿ ಹಿನ್ನೀರು ಹೊಳೆಯುತ್ತಿತ್ತು. ಅದರ ಕಡೆ ನೋಡುತ್ತಲೇ ಹೇಳಿದರು.

"ನನ್ನ ಬೆನ್ನಾಗ ಬಿದ್ದಾಂವ ಒಬ್ಬ ಇದ್ದ. ಆರ ವರ್ಷಕ್ಕ ಬೀಳಾಕ ಸುರು ಮಾಡಿದ. ಮೀನಖಂಡ ಮಾತ್ರ ದಪ್ಪ ಇದ್ದೂ. ಪೈಲವಾನ ಆಗತಾನ ಅಂದ್ರು ಎಲ್ಲಾರೂ. ಈ ರೋಗದಾಗ ಹಂಗ ಇರತೈತಿ ಅಂತ ಯಾರಿಗ ಗೊತ್ತು? ಮೈಗಳ್ಳ ಅಂದ ನಮ್ಮಪ್ಪ, ಓಡಸ ಅಂದ. ಓಡಸಿದಾಕಿ ನಾ. ಜಾಲಿ ಬರಲ ಹಿಡಕೊಂಡು ಹೊಳಿ ದಂಡಿಗುಂಟ ಓಡಸ್ತಿದ್ದೆ. ಅಕ್ಕಾ, ಕಾಲ ಉರೀತಾವು ಅಂತಿದ್ದ. ಸುಳ್ಳ ಹೇಳಬ್ಯಾಡ ಅಂತಿದ್ದೆ."

ಅವ್ವ ಸೆರಗು ಬಾಯಿಗೆ ಹಿಡಿದುಕೊಂಡಳು.

"ಹದಿನೆಂಟಕ್ಕ ಹೋದ. ಓಡಿಸಿದ್ರೂ ಹೋಗ್ತಿದ್ದ, ಓಡಸಲಿಲ್ಲಂದ್ರೂ ಹೋಗ್ತಿದ್ದ. ಓದಿದ ಮ್ಯಾಲ ಅದು ತಿಳೀತು. ತಿಳದ್ರ ಏನಾತು, ಬರಲ ಇನ್ನೂ ಕೈಯಾಗ ಐತಿ. ಅದಕ್ಕ ನಿಮ್ಮ ಗಾಲಿ ಹಿಡದ ನಿಂದರಸ್ತಿದ್ದೆ ಮಾಸ್ತರ. ನಿಮ್ಮನ್ನ ಬ್ಯಾಡ ಅನ್ನಾಕ ಅಲ್ಲ."

ಅವ್ವ ಎದ್ದು, ಚೀಲದಿಂದ ಖಣ ತೆಗೆದು ಅವರ ಉಡಿಯಲ್ಲಿಟ್ಟಳು.

"ಯವ್ವಾ, ಮಂದ್ಯಾಗ ಅಂದೇನಿ, ಮಂದ್ಯಾಗನ ತಪ್ಪಾತು ಅಂತೇನಿ. ನೀ ಕೀಲಿ ತಗಿ."

ಅಕ್ಕ ಖಣವನ್ನು ಮಡಿಲಲ್ಲಿಟ್ಟುಕೊಂಡು ನನ್ನ ಕಡೆ ತಿರುಗಿ, "ಸೋಮವಾರ ಬರ್ರಿ. ಐದ ಮಿನಿಟು. ಆರಾದ್ರ ನಾ ಕೇಳೂದಿಲ್ಲ" ಎಂದರು.

ಆ ಸೋಮವಾರ ಅವ್ವ ಹೇಳಿದಂತೆಯೇ ಮಾಡಿದಳು. ಔಷಧಿ ಅಂಗಡಿಯ ಮುಂದೆ ನಿಂತವರೆಲ್ಲ ಕೇಳುವಂತೆ, "ನನ್ನ ಮಗನದ ತಪ್ಪು, ಈ ಹೆಣ್ಮಗಳದ ಅಲ್ಲ" ಎಂದು ಎರಡು ಸಲ ಹೇಳಿ, ಯಾರ ಉತ್ತರಕ್ಕೂ ಕಾಯದೆ ಬಸ್ ಹತ್ತಿ ಬನಹಟ್ಟಿಗೆ ಹೋದಳು.

ಮಾಳಿಗೆ ನಾನು ಎಂದೂ ಹತ್ತಲಿಲ್ಲ. ಮರುವರ್ಷ ಹೆಡ್ ಮಾಸ್ತರರೇ ಏಳನೆಯ ತರಗತಿಯನ್ನು ಕೆಳಗೆ ತಂದರು. ಕೇಳಿದ್ದರೆ ಮೊದಲೇ ತರುತ್ತಿದ್ದರೇನೋ, ನಾನು ಕೇಳಿರಲಿಲ್ಲ. ಅಕ್ಕ ನನ್ನನ್ನು ಐದು ಮಿನಿಟಿನಿಂದ ಮತ್ತೆ ಇಪ್ಪತ್ತಕ್ಕೆ ತರಲು ಒಂದು ವರ್ಷ ತೆಗೆದುಕೊಂಡರು. ಅದರಾಚೆ ಒಂಬತ್ತು ವರ್ಷ ನಾನು ಹಲಗೆಯ ಮುಂದೆ ನಿಂತೇ ಪಾಠ ಮಾಡಿದೆ. ರೋಗ ತನ್ನ ಪಾಡಿಗೆ ತಾನು ಬರುತ್ತಲೇ ಇತ್ತು. ಆ ವರ್ಷಗಳಲ್ಲಿ ನಾನು ಮಂಚದ ಮೇಲೆ ಕಾಯುತ್ತ ಬಿದ್ದಿರಲಿಲ್ಲ, ಅಷ್ಟೇ ವ್ಯತ್ಯಾಸ. ನನಗೆ ಅದು ಸಣ್ಣ ವ್ಯತ್ಯಾಸವಲ್ಲ.

ರವಿವಾರ ಅವರು ಹಳ್ಳಿಗಳಿಗೆ ಹೋಗುತ್ತಿದ್ದರು. ಶಾಲೆಯಲ್ಲಿ ಪದೇ ಪದೇ ಬೀಳುವ, ತುದಿಗಾಲಲ್ಲಿ ನಡೆಯುವ ಹುಡುಗರಿದ್ದರೆ ಹೇಳಿ ಎಂದು ನನ್ನಂಥ ಮಾಸ್ತರರಿಗೆಲ್ಲ ಹೇಳಿಟ್ಟಿದ್ದರು. ಒಮ್ಮೆ ಗಲಗಲಿಗೆ ನನ್ನನ್ನೂ ಕರೆದೊಯ್ದರು. ಅಲ್ಲೊಂದು ಮನೆಯ ಅಂಗಳದಲ್ಲಿ ಏಳು ವರ್ಷದ ಒಬ್ಬ ಹುಡುಗನನ್ನು ಅವನ ಅಪ್ಪ ಓಡು ಎಂದು ಗದರುತ್ತಿದ್ದ. ಅಕ್ಕ ಹುಡುಗನ ಮೀನಖಂಡ ಹಿಡಿದು ನೋಡಿದರು. ಅವರ ಮುಖ ನಾನು ನೋಡಬಾರದೆಂದು ಆಚೆ ತಿರುಗಿದೆ. "ಇವನ್ನ ಓಡಸಬ್ಯಾಡ್ರಿ ಕಾಕಾ," ಎಂದರು ಅಪ್ಪನಿಗೆ. "ಮೂಲ್ಯಾಗ ಕುಂದರಸಲೂ ಬ್ಯಾಡ್ರಿ. ಜಮಖಂಡಿಗೆ ಕರಕೊಂಡ ಬರ್ರಿ, ಎಷ್ಟ ಆಡಬೇಕು ಹೇಳತೇನಿ. ಮೊದಲ ಇವನ ಎದಿ ತೋರಸೂಣು." ತಿರುಗಿ ಬರುವಾಗ ಬಸ್ಸಿನಲ್ಲಿ ಅವರು ಶೇಂಗಾ ಸುಲಿದು ಸುಲಿದು ನನ್ನ ಅಂಗೈಗೆ ಹಾಕುತ್ತಿದ್ದರು, ತಾವು ಒಂದೂ ತಿನ್ನಲಿಲ್ಲ. ಕೃಷ್ಣೆಯ ನೀರಿನ ಮೇಲೆ ಸಂಜೆ ಬಿಸಿಲು ಬಿದ್ದಿತ್ತು. ಆ ಬಸ್ಸು ಜಮಖಂಡಿ ಮುಟ್ಟದಿದ್ದರೆ ಚೆನ್ನಾಗಿತ್ತು ಎಂದು ಆಗ ಅನಿಸಿದ್ದನ್ನು ಯಾರಿಗೂ ಹೇಳಿಲ್ಲ.

ನನಗೆ ಗಾಲಿಕುರ್ಚಿ ಬಂದ ದಿನ ಅವರು ಬನಹಟ್ಟಿಗೆ ಬಂದರು. ಓಣಿಯವರು ಒಬ್ಬೊಬ್ಬರಾಗಿ ಬಂದು ಮುಖ ಸಣ್ಣದು ಮಾಡಿಕೊಂಡು ಹೋಗುತ್ತಿದ್ದರು. ಅಕ್ಕನ ಚೀಲದಲ್ಲಿ ಎರಡು ಪೆಡಲುಗಳನ್ನು ಮೇಜಿಗೆ ಬಿಗಿಯುವ ಒಂದು ಕಬ್ಬಿಣದ ಸಾಮಾನು ಇತ್ತು. ಅದೇ ರಿಪೇರಿ ಅಂಗಡಿಯ ಕೆಲಸ.

"ಕಾಲ ರಜಾ ಹಾಕ್ಯಾವು ಮಾಸ್ತರ. ಕೈ ಹಾಜರ ಅದಾವಲ್ಲ," ಎಂದು ಹೇಳಿ, ನನ್ನ ಅಂಗೈಗಳನ್ನು ಅದರ ಮೇಲಿಟ್ಟು ತಿರುಗಿಸಲು ಹಚ್ಚಿದರು.

ಈಗಲೂ ವಾರಕ್ಕೆ ಮೂರು ಬೆಳಿಗ್ಗೆ ಅದನ್ನು ತಿರುಗಿಸುತ್ತೇನೆ. ಓಣಿಯಲ್ಲಿ ಪವರ್‌ಲೂಮುಗಳ ಸದ್ದು ಶುರುವಾಗುವ ಮೊದಲಿನ ಹೊತ್ತು. ಹದಿನೇಳರ ಮಗ್ಗಿ ನಡುವೆ ತುಂಡಾದಾಗ ನಾನೇ ಕೈ ನಿಲ್ಲಿಸುತ್ತೇನೆ. ನಿಲ್ಲಿಸಿದ ಮೇಲೆ ಒಂದು ಕ್ಷಣ ಕಾಯುತ್ತೇನೆ, ಯಾರಾದರೂ ಇವತ್ತಿಂದು ಮುಗೀತು ಎಂದು ಹೇಳಲಿ ಎಂದು. ಹೇಳುವವರಿಲ್ಲ. ಮರುದಿನ ಭುಜ ನೋಯುತ್ತದೆಯೋ ಇಲ್ಲವೋ ಎಂದು ಕೇಳುವವರೂ ಇಲ್ಲ. ನೋವಿಗಿಂತ ಕೇಳುವವರಿಲ್ಲದ್ದೇ ಹೆಚ್ಚು ತ್ರಾಸ ಕೊಡುತ್ತದೆ.

ಹೊಟ್ಟ್ಯಾಗ ಗಂಟು ಐತಂತ ಎಂದು ಗಂಗವ್ವ ಫೋನಿನಲ್ಲಿ ಹೇಳಿದಾಗ ಅಕ್ಕನಿಗೆ ಐವತ್ತು ಆಗಿರಲಿಲ್ಲ. ಯಾರಿಗೂ ಹೇಳದೆ ಕೋಣೆ ನಡೆಸಿದ್ದರು. ನಿಲ್ಲಲು ಆಗದಾದಾಗ ಕುರ್ಚಿಯ ಮೇಲೆ ಕುಳಿತು ನಡೆಸಿದ್ದರು. ಅವರು ಬೀಳಗಿಯ ಅಣ್ಣನ ಮನೆಗೆ ಹೋದ ಮೇಲೆ ನಾನು ದಿನ ಬಿಟ್ಟು ದಿನ ಫೋನ್ ಮಾಡುತ್ತಿದ್ದೆ. ಅವರ ಆರೋಗ್ಯ ಕೇಳಲು ಬಾಯಿ ತೆರೆಯುವ ಮೊದಲೇ ಅವರ ಮೂರು ಪ್ರಶ್ನೆ ಬರುತ್ತಿದ್ದವು. ನಾನು ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಅವರಿಗೆ ದಣಿವಾಗಿ, ಫೋನು ಅಣ್ಣನ ಕೈಗೆ ಹೋಗುತ್ತಿತ್ತು.

ಒಂದು ಬೆಳಿಗ್ಗೆ ಅಣ್ಣನೇ ಫೋನ್ ಮಾಡಿದರು.

ಗಂಗವ್ವನೂ ನಾನೂ ಒಂದು ವ್ಯಾನು ಮಾಡಿಕೊಂಡು ಹೊರಟೆವು. ದಾರಿಯುದ್ದಕ್ಕೂ ನಾನು ಒಂದೇ ವಿಚಾರ ಮಾಡುತ್ತಿದ್ದೆ. ಗಾಲಿಕುರ್ಚಿ ಬಂದ ಮೇಲೆ ಎಷ್ಟೋ ಆಪ್ತರ ಮಣ್ಣಿಗೆ ಹೋಗಿದ್ದೇನೆ. ಎಲ್ಲ ಕಡೆಯೂ ರಸ್ತೆಯ ಮೇಲೆ ಗಾಡಿಯೊಳಗೆ ಕುಳಿತು, ದೂರದಲ್ಲಿ ಜನರ ಬೆನ್ನು ನೋಡಿ ಬಂದಿದ್ದೇನೆ. ಅಕ್ಕನದೂ ಹಾಗೆಯೇ ಆಗುತ್ತದೆ ಎಂದುಕೊಂಡಿದ್ದೆ.

ವ್ಯಾನು ನಿಂತಾಗ ಜನ ರಸ್ತೆಯ ಪಕ್ಕದಲ್ಲೇ, ಜೋಳ ಕೊಯ್ದ ಹೊಲದಲ್ಲಿ ನಿಂತಿದ್ದರು. ರಸ್ತೆಯಿಂದ ಹತ್ತು ಹೆಜ್ಜೆ ಇದ್ದೀತು. ಅಲ್ಲಿಯವರೆಗೆ ಕೂಳೆ ತೆಗೆದು ನೆಲ ಸಪಾಟು ಮಾಡಿದ್ದರು. ಅಣ್ಣ ಬಂದು ನನ್ನ ಕುರ್ಚಿಯ ಹಿಡಿಕೆ ಹಿಡಿದರು. ಕಣ್ಣು ಕೆಂಪಾಗಿದ್ದವು.

"ನಮ್ಮಪ್ಪ, ಅವ್ವ ಇಬ್ಬರೂ ಅಲ್ಲಿ ಮ್ಯಾಲ, ಗುಡ್ಡದ ಓರ್ಯಾಗ ಅದಾರ್ರಿ ಮಾಸ್ತರ," ಎಂದು ಕೈ ತೋರಿಸಿದರು. "ಆಕೀನೂ ಅಲ್ಲೇ ಇಡಬೇಕಂತಿದ್ವಿ. ಒಪ್ಪಲಿಲ್ಲರಿ. ಇಲ್ಲೇ ರಸ್ತಾದ ಮಗ್ಗಲಕ ಇಡ್ರಿ, ನನ್ನ ನೋಡಾಕ ಬರೂ ಮಂದಿಗೆ ಏರಾಕ ಆಗೂದಿಲ್ಲ ಅಂದ್ಲು."

ಅಕ್ಕನ ಕೋಣೆಯವರು ನಾವು ಹನ್ನೊಂದು ಜನ ಬಂದಿದ್ದೆವು. ರಬಕವಿಯ ಒಬ್ಬಾತ ಎರಡು ಕೋಲು ಊರಿಕೊಂಡು ಬಂದಿದ್ದ. ಗಲಗಲಿಯ ಹುಡುಗ ದೊಡ್ಡವನಾಗಿದ್ದ, ಅವನನ್ನು ಅಪ್ಪ ಎತ್ತಿಕೊಂಡು ಬಂದಿದ್ದ. ಗಂಗವ್ವನಿಗೆ ಕೈ ಎತ್ತಲು ಬಾರದು, ಸೊಂಟದ ಮಟ್ಟದಿಂದಲೇ ಒಂದು ಹಿಡಿ ಮಣ್ಣು ಬಿಟ್ಟಳು. ನನ್ನ ಕುರ್ಚಿಯನ್ನು ಅಣ್ಣ ತಗ್ಗಿನ ಅಂಚಿನವರೆಗೆ ತಳ್ಳಿಕೊಂಡು ಹೋಗಿ, ಗಾಲಿಗೆ ಕಲ್ಲು ಕೊಟ್ಟು, ಪಕ್ಕದಲ್ಲಿ ನಿಂತುಕೊಂಡರು. ಅಂದು ನಮ್ಮಲ್ಲಿ ಯಾರೂ ರಸ್ತೆಯ ಮೇಲೆ ಉಳಿಯಲಿಲ್ಲ.